ಬರೆದಾಯಿತು ಎಂದ ಪೆಟ್ಟಿಗೆ

ಬೆಳಗಾವಿಯ ಸದಾಶಿವನಗರದಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆಗೆ ಒಂದು ಕಂಪ್ಯೂಟರ್ ತರಬೇತಿ ಕೇಂದ್ರವಿದೆ. ವರ್ಷಕ್ಕೆರಡು ಸಲ ಅಲ್ಲಿಯವರು ನನ್ನನ್ನು ಕರೆದು, ಹೊಸದಾಗಿ ಕೆಲಸಕ್ಕೆ ಸೇರಲಿರುವವರ ಮುಂದೆ ನಿಲ್ಲಿಸಿ, ಅನುಭವ ಹೇಳಿ ಎನ್ನುತ್ತಾರೆ. ಅಲ್ಲಿ ನಾನು ಹೇಳುವುದು ಒಂದು, ನಡೆದದ್ದು ಇನ್ನೊಂದು. ನಡೆದದ್ದನ್ನು ಹೇಳಲು ಒಂದು ತಾಸು ಸಾಲುವುದಿಲ್ಲ, ಬಾಯಿಯೂ ಬರುವುದಿಲ್ಲ. ಹೋದ ವರ್ಷ ನಿವೃತ್ತಳಾದ ಮೇಲೆ ಪುರಸತ್ತು ಬಹಳ, ಹುರುಪು ಕಡಿಮೆ. ಆದರೂ ಬರೆದುಬಿಡುತ್ತೇನೆ.

ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಕಂಪ್ಯೂಟರುಗಳನ್ನು ನೋಡಿಕೊಂಡೆ. ಕಬ್ಬಿಣ ಕರಗಿಸಿ ಪಂಪುಗಳ ಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆ ಅದು. ನಾನು ಸೇರಿದಾಗ ಇದ್ದದ್ದು ಒಂದೇ ಕಂಪ್ಯೂಟರು. ಅದಕ್ಕೆ ಮಾಲಕರ ಮನೆಯಿಂದ ಹೊಲಿಸಿ ತಂದ ಹೊದಿಕೆ. ಫೌಂಡ್ರಿಯ ಕರಿ ಧೂಳು ಯಾವ ಹೊದಿಕೆಗೂ ಬಗ್ಗುವುದಿಲ್ಲ. ತಲೆಗೂದಲಿಗೆ, ಮೂಗಿಗೆ, ಡಬ್ಬಿಯ ಚಪಾತಿಗೆ, ಕೊನೆಗೆ ಕೀಬೋರ್ಡಿಗೆ. ಮೊದಲ ವರ್ಷವೇ ನಾನೊಂದು ಬುದ್ಧಿವಂತಿಕೆ ಮಾಡಿದೆ. ಯಂತ್ರಗಳಿಗೆ ಗಾಳಿ ಹೊಡೆಯುವ ಕಂಪ್ರೆಸರ್ ಪೈಪು ತರಿಸಿ ಕಂಪ್ಯೂಟರಿನ ಹೊಟ್ಟೆಗೆ ಹಿಡಿದೆ. ಧೂಳು ಹಾರಿಹೋಯಿತು. ಆದರೆ ಆ ಗಾಳಿಯ ಜೊತೆ ಎಣ್ಣೆಯೂ ನೀರೂ ಬರುತ್ತವೆಂದು ನನಗೆ ಯಾರೂ ಹೇಳಿರಲಿಲ್ಲ. ಸಂಜೆಯ ಹೊತ್ತಿಗೆ ಕಂಪ್ಯೂಟರು ಸತ್ತಿತ್ತು.

ಆಗಿನ್ನೂ ಶಿಫ್ಟ್ ಇಂಜಿನಿಯರ್ ಆಗಿದ್ದ ಪೋತದಾರ ಸಾಹೇಬರು ಬಂದು ನೋಡಿ, ಒಳಗೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಎಣ್ಣೆಯನ್ನು ನನಗೇ ತೋರಿಸಿದರು.

'ಒಗ್ಗರಣಿ ಹಾಕೀರೇನ್ರಿ ಮೇಡಂ?' ಅಂದರು.

ಅಷ್ಟೇ. ಮೇಲಿನವರಿಗೆ ವರದಿ ಮಾಡಲಿಲ್ಲ, ಧೂಳಿನಿಂದ ಕೆಟ್ಟಿತು ಎಂದು ಬರೆದುಕೊಟ್ಟರು. ಈ ಬರಹದಲ್ಲಿ ಮುಂದೆ ಅವರ ಬಗ್ಗೆ ಬೇರೆ ಥರದ ಮಾತು ಬರುತ್ತದೆ, ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಕೆಟ್ಟವರಲ್ಲ. ಮುಂದೆ ವರ್ಕ್ಸ್ ಮ್ಯಾನೇಜರ್ ಆದರು, ಆದ ಮೇಲೂ ಕೆಟ್ಟವರಾಗಲಿಲ್ಲ, ದಣಿದರು.

ಕಂಪ್ಯೂಟರುಗಳು ಒಂದು ಹೋಗಿ ಹತ್ತಾದವು, ಹತ್ತು ಹೋಗಿ ನಲವತ್ತಾದವು. ಒಂದೊಂದು ಕೆಲಸಕ್ಕೆ ಒಂದೊಂದು ಸರ್ವರು. ಹಾಜರಿಗೆ ಒಂದು, ನಕ್ಷೆಗಳಿಗೆ ಒಂದು, ಗೋದಾಮಿಗೆ ಒಂದು. ಕೋಣೆ ಕಾಯ್ದು ಹೆಂಚಾಗುತ್ತಿತ್ತು. ಆಮೇಲೆ ವರ್ಚುವಲ್ ಮಷಿನ್ ಬಂದವು. ಎರಡು ದೊಡ್ಡ ಸರ್ವರುಗಳೊಳಗೆ ಹದಿನಾಲ್ಕು ಯಂತ್ರಗಳ ಸಂಸಾರ. ಒಂದೊಂದೂ ತನಗೆ ತನ್ನದೇ ಮನೆ ಇದೆಯೆಂದು ತಿಳಿದಿರುತ್ತದೆ. ಅವುಗಳ ಡಿಸ್ಕುಗಳು ಮಾತ್ರ ಅವುಗಳ ಹತ್ತಿರ ಇರುವುದಿಲ್ಲ. ಹದಿನಾಲ್ಕು ಯಂತ್ರಗಳ ಡಿಸ್ಕೂ ಬಾಜೂ ರ‍್ಯಾಕಿನಲ್ಲಿದ್ದ ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿ. ನಡುವೆ ನೆಟ್‌ವರ್ಕ್ ಕೇಬಲ್ಲು. ಒಂದು ಅಕ್ಷರ ಬರೆಯಬೇಕಾದರೂ ಕೇಬಲ್ಲಿನ ಗುಂಟ ಹೋಗಿ ಆ ಪೆಟ್ಟಿಗೆಯ ಬಾಗಿಲು ಬಡಿಯಬೇಕು.

ನನ್ನ ಕೊನೆಯ ಹತ್ತು ವರ್ಷಗಳ ದಣಿವೆಲ್ಲ ಆ ಬಾಗಿಲಿನದು.

ಬೆಳಿಗ್ಗೆ ಎಂಟಕ್ಕೆ ಮೊದಲ ಶಿಫ್ಟು. ಎಂಟಕ್ಕೆ ಸರಿಯಾಗಿ ಎಲ್ಲರೂ ಕಂಪ್ಯೂಟರ್ ಹಚ್ಚುತ್ತಾರೆ, ಎಂಟೂ ಐದಕ್ಕೆ ನನ್ನ ಫೋನು ಶುರು. 'ಸಿಸ್ಟಮ್ ಭಾಳ ಸ್ಲೋ ಐತ್ರಿ.' ಈ ಒಂದು ವಾಕ್ಯವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಈಗಲೂ ಬೆಳಿಗ್ಗೆ ಫೋನು ಬಂದರೆ ಯಾರಾದರೂ ಅದನ್ನೇ ಹೇಳುತ್ತಾರೆ ಅನ್ನಿಸುತ್ತದೆ. ಮೊದಲು ಸರ್ವರುಗಳ ಮೇಲೆ ಸಂಶಯಪಟ್ಟೆ, ಮೆಮೊರಿ ಹಾಕಿಸಿದೆ, ಏನೂ ಆಗಲಿಲ್ಲ. ಒಂದು ದಿನ ಸುಮ್ಮನೆ ಕೇಬಲ್ಲುಗಳನ್ನು ಕೈಯಲ್ಲಿ ಹಿಡಿದು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ನೋಡುತ್ತ ಹೋದೆ. ಪೆಟ್ಟಿಗೆಯ ಕೇಬಲ್ಲೂ, ಕಾರ್ಖಾನೆಯ ಕಾವಲಿನ ಕ್ಯಾಮೆರಾಗಳ ಕೇಬಲ್ಲೂ ಒಂದೇ ಸ್ವಿಚ್ಚಿನಲ್ಲಿದ್ದವು. ಹಾಕಿದವಳು ನಾನೇ, ಜಾಗ ಖಾಲಿಯಿತ್ತೆಂದು. ಗೇಟಿನ ಕ್ಯಾಮೆರಾದಲ್ಲಿ ನಾಯಿ ಮಲಗಿದ್ದನ್ನು ಹಿಡಿದಿಡುವ ಸಲುವಾಗಿ ನಮ್ಮ ಲೆಕ್ಕ ವಿಭಾಗ ಕಾಯುತ್ತಿತ್ತು. ಪೆಟ್ಟಿಗೆಗೆ ಬೇರೆ ಸ್ವಿಚ್ ಮಾಡಿದೆ. ಒಂದು ತಿಂಗಳು ಫೋನು ಕಡಿಮೆಯಾಯಿತು.

ಇನ್ನೊಂದು ತಪ್ಪು ಹೇಳುತ್ತೇನೆ. ಗೋದಾಮಿನ ಯಂತ್ರದಲ್ಲಿ ಹೊಸ ಸಾಫ್ಟ್‌ವೇರ್ ಹಾಕುವ ಮುಂಚೆ ಅದರ ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದೆ. ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು ಅದು ಬೇಕು. ಎಡವಟ್ಟಾಗಲಿಲ್ಲ, ಅಳಿಸಲು ನಾನು ಮರೆತೆ. ಅದು ಐದು ತಿಂಗಳು ಬೆಳೆಯುತ್ತ ಕೂತು ಆ ಯಂತ್ರ ಕುಂಟತೊಡಗಿತು. ಗೊತ್ತಾದ ಕೂಡಲೇ ಮುಂದೆ ಹಿಂದೆ ನೋಡದೆ ಹಾಡುಹಗಲು ಹನ್ನೊಂದು ಗಂಟೆಗೆ ಅಳಿಸಲು ಕೊಟ್ಟೆ. ಐದು ತಿಂಗಳಿನ ಬದಲಾವಣೆಗಳನ್ನೆಲ್ಲ ಮೂಲ ಡಿಸ್ಕಿಗೆ ಕೂಡಿಸಲು ಪೆಟ್ಟಿಗೆ ನಾಲ್ಕು ತಾಸು ತೆಗೆದುಕೊಂಡಿತು, ಆ ನಾಲ್ಕು ತಾಸು ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ಚಾಲಕರು ಇಳಿದುಬಂದು ನನ್ನ ಕಿಟಕಿಯಲ್ಲಿ ಇಣುಕಿ ಹೋದರು. ಅಂಥ ಕೆಲಸವನ್ನು ರವಿವಾರ ಮಾಡಬೇಕು.

ಪುಣೆಯಿಂದ ಬಂದ ಡೀಲರನ ಇಂಜಿನಿಯರು ಅರ್ಧ ದಿನ ಕೂತು ನೋಡಿ, ಡಿಸ್ಕುಗಳು ಹಳೆಯವು, ಹೊಸ ನಮೂನೆಯವು ಹಾಕಿಸಿ ಎಂದು ಹೇಳಿ ಹೋದ. ಪೋತದಾರ ಸಾಹೇಬರು ಆ ಕಾಗದವನ್ನು ಮಡಿಚಿ ನನಗೇ ವಾಪಸು ಕೊಟ್ಟರು.

'ಈ ವರ್ಷ ಆಗೂದಿಲ್ರಿ ಮೇಡಂ. ಇದ್ದದ್ರಾಗ ಏನರ ಮಾಡ್ರಿ. ನೀವ ಮಾಡ್ತೀರಿ, ನನಗ ಗೊತ್ತೈತಿ.'

ಇದ್ದದ್ದರಲ್ಲಿ ಮಾಡಲು ಒಂದು ದಾರಿಯಿತ್ತು. ಹೊಸಬರು ಇದನ್ನು ಗಮನವಿಟ್ಟು ಓದಿ. ವರ್ಚುವಲ್ ಮಷಿನ್ ಏನನ್ನಾದರೂ ಬರೆಯಲು ಕಳಿಸಿದಾಗ ಪೆಟ್ಟಿಗೆಯನ್ನು ಕೇಳುತ್ತದೆ, ಬರೆದಾಯಿತೇ ಎಂದು. ಪೆಟ್ಟಿಗೆ ಅದನ್ನು ಡಿಸ್ಕಿಗೆ ಇಳಿಸಿದ ಮೇಲಷ್ಟೇ ಆಯಿತು ಎನ್ನುತ್ತದೆ. ಅಲ್ಲಿಯ ತನಕ ಆ ಯಂತ್ರ ಕಾಯಬೇಕು. ನಮ್ಮ ನಿಧಾನವೆಲ್ಲ ಈ ಕಾಯುವುದರಲ್ಲಿತ್ತು. ಪೆಟ್ಟಿಗೆಯಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ: ಕೈಗೆ ಬಂದ ತಕ್ಷಣ ಆಯಿತು ಎಂದುಬಿಡು, ಮೆಮೊರಿಯಲ್ಲಿ ಇಟ್ಟುಕೋ, ಪುರಸತ್ತಾದಾಗ ಡಿಸ್ಕಿಗೆ ಬರಿ. ನಡುವೆ ಕರೆಂಟು ಹೋದರೆ ಮೆಮೊರಿಯಲ್ಲಿದ್ದದ್ದು ಹೋಯಿತು. ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಇದನ್ನು ದಪ್ಪ ಅಕ್ಷರದಲ್ಲೇ ಬರೆದಿದ್ದರು. ನಾನು ಓದಿದೆ. ಓದಿ, ನಮ್ಮಲ್ಲಿ ಎರಡು ಯುಪಿಎಸ್ ಇವೆ, ಮೇಲೆ ಜನರೇಟರ್ ಇದೆ, ಕರೆಂಟು ಹೋಗುವುದೆಲ್ಲಿಂದ ಅಂದುಕೊಂಡೆ. ಸೆಟ್ಟಿಂಗ್ ಬದಲಿಸಿದೆ. ಸಾಲದ್ದಕ್ಕೆ, ಮೆಮೊರಿಯಲ್ಲಿ ಇಟ್ಟುಕೊಳ್ಳುವ ಅವಧಿಯನ್ನೂ ಕೆಲವು ನಿಮಿಷಗಳಿಗೆ ಎಳೆದೆ.

ಮರುದಿನದಿಂದ ಕಾರ್ಖಾನೆಯ ಕಂಪ್ಯೂಟರುಗಳು ಹಾರತೊಡಗಿದವು. ಎಂಟೂ ಐದಕ್ಕೆ ಫೋನಿಲ್ಲ, ಎಂಟೂವರೆಗೂ ಇಲ್ಲ. ಲೆಕ್ಕ ವಿಭಾಗದವರು ಕುಂದಾ ತರಿಸಿ ಹಂಚಿದರು. ಪೋತದಾರ ಸಾಹೇಬರು ಎಲ್ಲರೆದುರು, 'ಒಂದ ರೂಪಾಯಿ ಖರ್ಚಿಲ್ದ ಮಾಡ್ಯಾರ ನೋಡ್ರಿ' ಅಂದರು. ನನಗೆ ಹೆಮ್ಮೆಯಾಯಿತು. ಮೂವತ್ತೊಂದು ವರ್ಷದಲ್ಲಿ ಅಷ್ಟು ಹೆಮ್ಮೆ ನನಗೆ ಇನ್ನೊಮ್ಮೆ ಆಗಿಲ್ಲ.

ಆ ಹುರುಪಿನಲ್ಲೇ ಲ್ಯಾಬಿಗೆ ಕೈ ಹಾಕಿದೆ.

ಭಟ್ಟಿಯಲ್ಲಿ ಒಮ್ಮೆ ಕರಗಿಸಿದ ಲೋಹಕ್ಕೆ ಒಂದು ಹೀಟ್ ಎನ್ನುತ್ತಾರೆ. ಪ್ರತಿ ಹೀಟಿನಿಂದ ಒಂದು ಚಮಚದಷ್ಟು ತೆಗೆದು ಬಿಲ್ಲೆ ಮಾಡಿ ಲ್ಯಾಬಿಗೆ ಕೊಡುತ್ತಾರೆ. ಲ್ಯಾಬಿನವನು ಅದನ್ನು ಉಜ್ಜಿ, ಯಂತ್ರಕ್ಕಿಟ್ಟು, ಇಂಗಾಲ ಎಷ್ಟು, ಸಿಲಿಕಾನ್ ಎಷ್ಟು ಎಂದು ನೋಡಿ ಹೇಳಿದ ಮೇಲೆ ಎರಕ ಹೊಯ್ಯುವುದು. ಆ ಕೆಲಸದಲ್ಲಿದ್ದವನು ಬೀರಪ್ಪ. ಖಾನಾಪುರ ತಾಲೂಕಿನ ಗುಂಜಿಯವನು. ಅವನ ಅಪ್ಪ ಕಾಡಿನಂಚಿನಲ್ಲಿ ಕುರಿ ಕಾಯ್ದವರು, ಇವನು ಐಟಿಐ ಕಲಿತು ಫೌಂಡ್ರಿಗೆ ಬಂದ. ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದ. ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ, ಎರಡರಲ್ಲೂ ಮಾತು ಕಡಿಮೆ. ಇಪ್ಪತ್ತು ವರ್ಷ ರೂಲು ಹಾಕಿದ ರಿಜಿಸ್ಟರಿನಲ್ಲಿ ಪ್ರತಿ ಹೀಟಿನ ಅಂಕಿ ಬರೆದಿಟ್ಟಿದ್ದ. ಕೈಬರಹ ಅಚ್ಚು ಹಾಕಿದಂತೆ.

ಆ ರಿಜಿಸ್ಟರ್ ಬಂದ್ ಮಾಡಿಸಿದವಳು ನಾನು. ಎರಡೆರಡು ಕಡೆ ಯಾಕೆ ಬರೆಯಬೇಕು, ಕಂಪ್ಯೂಟರಿನಲ್ಲಿ ಒಂದೇ ಸಲ ಹಾಕಿದರಾಯಿತು ಎಂದು ಸುತ್ತೋಲೆ ಹೊರಡಿಸಿದೆ. ಲ್ಯಾಬಿನ ಕಂಪ್ಯೂಟರಿನ ಡಿಸ್ಕನ್ನೂ ತೆಗೆದು ಒಳಗಿನ ಪೆಟ್ಟಿಗೆಗೆ ತಂದೆ. ಲ್ಯಾಬಿನಲ್ಲಿ ಉಳಿದದ್ದು ಬರೀ ಪರದೆ. ಬೀರಪ್ಪ ಒಮ್ಮೆ ಮಾತ್ರ ಕೇಳಿದ, 'ಪುಸ್ತಕ ಪೂರಾ ಬಿಡಬೇಕೇನ್ರಿ ಅಕ್ಕಾರ?' ಎಂದು. ಪೂರಾ ಎಂದೆ.

ಅದೇ ವರ್ಷದ ಖಂಡೇ ಪೂಜೆ, ದಸರೆಯ ಆಯುಧ ಪೂಜೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಆ ದಿನದ ಪದ್ಧತಿ ಎಲ್ಲರಿಗೂ ಗೊತ್ತು. ಮಧ್ಯಾಹ್ನದೊಳಗೆ ಕೊನೆಯ ಹೀಟ್ ಹೊಯ್ದು ಭಟ್ಟಿ ಆರಿಸುತ್ತಾರೆ. ಯಂತ್ರಗಳನ್ನು ತೊಳೆದು ಒರೆಸುತ್ತಾರೆ. ಹಳೆಯ ಸಾಮಾನು, ಲ್ಯಾಬಿನಲ್ಲಿ ಕೂಡಿಬಿದ್ದ ಬಿಲ್ಲೆಗಳು, ಎಲ್ಲ ಭಂಗಾರದ, ಅಂದರೆ ಗುಜರಿಯ, ರಾಶಿಗೆ ಹೋಗಿ ಮತ್ತೆ ಭಟ್ಟಿ ಸೇರುತ್ತವೆ. ಕರೆಂಟು ಹರಿಯುತ್ತಿರುವ ಯಂತ್ರಕ್ಕೆ ಕುಂಕುಮ ಹಚ್ಚುವುದಿಲ್ಲ. ಅವತ್ತು ಅದಕ್ಕೂ ವಿಶ್ರಾಂತಿ, ಮರುದಿನ ಬನ್ನಿ ಹಂಚುವುದು ಮುಗಿಯುವ ತನಕ ಯಾರೂ ಮುಟ್ಟುವುದಿಲ್ಲ. ಯುಪಿಎಸ್ ಕೂಡ ಯಂತ್ರವೇ. ಅದಕ್ಕೂ ಹೂವು, ಅದಕ್ಕೂ ಲಿಂಬೆಹಣ್ಣು, ಅದಕ್ಕೂ ವಿಶ್ರಾಂತಿ. ಪ್ರತಿ ವರ್ಷ ನಾನು ಒಂದೊಂದಾಗಿ ಎಲ್ಲ ಬಂದ್ ಮಾಡಿ ಹೇಳಿದ ಮೇಲೆ, ಎಲೆಕ್ಟ್ರಿಷಿಯನ್ ಪರಶುರಾಮ ಮೇನ್ ಎಳೆಯುತ್ತಿದ್ದ, ಆಮೇಲೆ ಯುಪಿಎಸ್ ಆರಿಸುತ್ತಿದ್ದ.

ಅವತ್ತು ಹನ್ನೆರಡೂವರೆ ಸುಮಾರಿಗೆ ವರ್ಚುವಲ್ ಮಷಿನ್‌ಗಳನ್ನೆಲ್ಲ ನಿಲ್ಲಿಸಿದೆ. ಲ್ಯಾಬಿನದು, ಹಾಜರಿಯದು ಎಲ್ಲಕ್ಕಿಂತ ಕೊನೆಗೆ. ಸರ್ವರುಗಳ ದೀಪ ಆರಿದವು. ಪೆಟ್ಟಿಗೆಯನ್ನು ಬಂದ್ ಮಾಡಬೇಕಿತ್ತು. ಅಷ್ಟರಲ್ಲಿ ಮಾಲಕರ ತಾಯಿ ಬೇಗನೆ ಬಂದರು, ಕೋಣೆಯ ಮುಂದೆ ರಂಗೋಲಿ ಇನ್ನೂ ಆಗಿರಲಿಲ್ಲ. ನಾನು ರಂಗೋಲಿ ಡಬ್ಬಿ ಹಿಡಿದು ಬಾಗಿಲಲ್ಲಿ ಕೂತೆ. ಪರಶುರಾಮ ಅಲ್ಲಿಂದಲೇ ಕೇಳಿದ.

'ಎಲ್ಲಾ ಬಂದ್ ಆತೇನ್ರಿ ಅಕ್ಕಾರ?'

'ಆತು, ತಗಿ' ಅಂದೆ.

ಅವನು ತೆಗೆದ. ಮೇನ್ ತೆಗೆದ, ಯುಪಿಎಸ್ ತೆಗೆದ. ಪೂಜೆಯಾಯಿತು. ಬನ್ನಿ ಮುಗಿಸಿ ಬಂದು ಹಚ್ಚಿದಾಗ ಪೆಟ್ಟಿಗೆ ಸರಿಯಾಗಿ ಬಂದ್ ಆಗಿರಲಿಲ್ಲವೆಂದು ಒಂದು ಸಾಲು ತೋರಿಸಿತು. ನಾನು ನೋಡಿದೆ, ದಾಟಿಸಿದೆ. ಹದಿನಾಲ್ಕೂ ಯಂತ್ರಗಳು ಸದ್ದಿಲ್ಲದೆ ಎದ್ದು ನಿಂತವು. ಯಾವುದಾದರೂ ಒಂದು ಡಿಸ್ಕು ಪೂರ್ತಿ ಕೆಟ್ಟಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಯಾವುದೂ ಕೆಡಲಿಲ್ಲ, ಕೊನೆಯ ಕೆಲವು ನಿಮಿಷ ಮಾತ್ರ ಅವುಗಳಲ್ಲಿ ಇರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಪಂಪ್ ಕಂಪನಿಯಿಂದ ನಮ್ಮ ಎರಕದ ಆರು ಭಾಗಗಳು ಸೀಳು ಬಿಟ್ಟು ವಾಪಸು ಬಂದವು. ಆ ಹೀಟಿನ ಪರೀಕ್ಷೆಯ ಪ್ರಮಾಣಪತ್ರ ಕೊಡಿ ಎಂದು ಕೇಳಿದರು. ಅದು ಖಂಡೇ ಪೂಜೆಯ ದಿನದ ಕೊನೆಯ ಹೀಟ್. ಸಿಸ್ಟಮ್‌ನಲ್ಲಿ ಅದರ ಅಂಕಿಗಳೇ ಇರಲಿಲ್ಲ. ಪೋತದಾರ ಸಾಹೇಬರು ನನ್ನನ್ನು ಕರೆದರು.

'ಆ ಹೀಟಿಂದು ಎಂಟ್ರಿ ಐತೋ ಇಲ್ಲೋ, ಅಷ್ಟ ಬರದು ಸಹಿ ಮಾಡಿ ಕೊಡ್ರಿ ಮೇಡಂ.'

ಮೂರು ಸಲ ಹುಡುಕಿದೆ. ಇಲ್ಲ ಎಂದು ಬರೆದು ಸಹಿ ಮಾಡಿದೆ. ಹಬ್ಬದ ದಿನ ರೈಲು ಹಿಡಿಯುವ ಅವಸರದಲ್ಲಿ ಬೀರಪ್ಪ ಪರೀಕ್ಷೆ ಮಾಡದೆ, ಬಾಯಿಮಾತಲ್ಲಿ ಸರಿಯಿದೆ ಎಂದು ಹೇಳಿ ಹೋಗಿದ್ದಾನೆ ಎಂದು ಎಲ್ಲರೂ ತಿಳಿದರು. ಅವನನ್ನು ಕೆಲಸದಿಂದ ನಿಲ್ಲಿಸಿ ವಿಚಾರಣೆ ಇಟ್ಟರು. ವಿಚಾರಣೆಯಲ್ಲಿದ್ದ ಪುರಾವೆ ಒಂದೇ, ನನ್ನ ಸಹಿ. ಬಿಲ್ಲೆ ಇದ್ದಿದ್ದರೆ ಅದರ ಮೇಲೆ ಪರೀಕ್ಷೆಯ ಯಂತ್ರ ಬಿಟ್ಟ ಕಿಡಿಯ ಗುರುತು ತೋರಿಸಬಹುದಿತ್ತು. ಬಿಲ್ಲೆ ಪೂಜೆಯ ದಿನವೇ ಭಂಗಾರಕ್ಕೆ ಹೋಗಿ, ಆಮೇಲೆ ಭಟ್ಟಿಯಲ್ಲಿ ಕರಗಿತ್ತು. ರಿಜಿಸ್ಟರ್ ಇದ್ದಿದ್ದರೆ ಅದನ್ನಾದರೂ ತೆರೆಯಬಹುದಿತ್ತು.

ಬೀರಪ್ಪ ನನ್ನ ಕಿಟಕಿಗೆ ಬಂದ.

'ಅಕ್ಕಾರ, ಇನ್ನೊಮ್ಮಿ ನೋಡ್ರಿ. ನಾ ಎಂಟ್ರಿ ಮಾಡೀನಿ. ಸೇವ್ ಆತು ಅಂತ ಹಸರ ಅಕ್ಷರ ಬಂದಿತ್ರಿ.'

'ಮೂರ ಸಲ ನೋಡೀನಿ ಬೀರಪ್ಪಾ. ಇಲ್ಲ.'

'ಹಂಗಾರ ಮಷಿನ್‌ದಾಗ ಏನರ ಆಗಿರಬೇಕ್ರಿ.'

'ಮಷಿನ್ ಮರಿಯೂದಿಲ್ಲ ಬೀರಪ್ಪಾ, ಮನಷ್ಯಾ ಮರೀತಾನ. ಹಬ್ಬದ ಗಡಿಬಿಡಿ. ಯಾರಿಗರ ಆಗತೈತಿ.'

ಇದನ್ನು ನಾನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದೆ. ಅವನು ಕಿಟಕಿಯ ಕಟ್ಟೆಯಿಂದ ಕೈ ತೆಗೆದು ಹೋದ. ಆಮೇಲೆ ಪೋತದಾರ ಸಾಹೇಬರು ಅವನನ್ನು ಕೂರಿಸಿಕೊಂಡು, ತಪ್ಪಾಯಿತು ಎಂದು ಬರೆದುಕೊಡು, ಕೆಲಸ ಉಳಿಸುತ್ತೇನೆ ಎಂದರಂತೆ. ಅವನು ಬರೆದುಕೊಟ್ಟ. ಬರೆದುಕೊಟ್ಟದ್ದನ್ನು ಪಂಪ್ ಕಂಪನಿಗೆ ಕಳಿಸಿದರು. ಅಂಥವನನ್ನು ಲ್ಯಾಬಿನಲ್ಲಿ ಇಟ್ಟುಕೊಳ್ಳಬಾರದು ಎಂದು ಅಲ್ಲಿಂದ ಉತ್ತರ ಬಂತು. ಉಳಿಸುತ್ತೇನೆ ಎಂದವರ ಕೈಯಲ್ಲಿ ಉಳಿಸುವುದು ಇರಲಿಲ್ಲ.

ಮಾರ್ಚಿನಲ್ಲಿ, ಲೆಕ್ಕದ ವರ್ಷದ ಕೊನೆಗೆ, ಹಾಜರಿಯ ಗುಮಾಸ್ತೆ ಕಾಗದ ಹಿಡಿದು ಬಂದಳು. ಖಂಡೇ ಪೂಜೆಯ ದಿನ ಹನ್ನೆರಡೂವರೆ ಸುಮಾರಿಗೆ ಹೊರಗೆ ಹೋದ ಏಳು ಜನರ ಪಂಚ್ ಇಲ್ಲ.

'ಆವತ್ತ ಪಂಚಿಂಗ್ ಮಷಿನ್ ಕೆಟ್ಟಿರಬೇಕ ನೋಡು' ಅಂದೆ.

'ಕೆಟ್ಟಿಲ್ರಿ ಮೇಡಂ. ಅದರೊಳಗ ಏಳೂ ಅದಾವ. ನಿಮ್ಮ ಸರ್ವರ್‌ದಾಗ ಅಷ್ಟ ಇಲ್ಲ.'

ಅವಳ ಕಾಗದವನ್ನು ತೆಗೆದುಕೊಂಡೆ. ಗೇಟಿನ ಪಂಚಿಂಗ್ ಯಂತ್ರ ತನ್ನ ಹೊಟ್ಟೆಯಲ್ಲೂ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಅದರಲ್ಲಿದ್ದದ್ದು ಪೆಟ್ಟಿಗೆಯಲ್ಲಿ ಇಲ್ಲ. ಪೆಟ್ಟಿಗೆಯ ಹಳೆಯ ದಾಖಲೆ ತೆಗೆದೆ. ಹನ್ನೆರಡು ಮೂವತ್ತೆಂಟಕ್ಕೆ ಕರೆಂಟು ಕಡಿದಿದೆ. ಏಳರ ಜೊತೆ ಎಂಟನೆಯದಾಗಿ ಹೋದದ್ದು ಬೀರಪ್ಪನ ಎಂಟ್ರಿ. ಪೆಟ್ಟಿಗೆ ಬರೆದಾಯಿತು ಎಂದಿತ್ತು. ಹಾಗೆ ಹೇಳು ಎಂದು ಕಲಿಸಿದವಳು ನಾನು.

ಗೊತ್ತಾದ ಮೇಲೆ ಒಂಬತ್ತು ದಿನ ನಾನು ಯಾರಿಗೂ ಹೇಳಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಿಟ್ಟರೆ ಇಷ್ಟು ಬರೆದದ್ದೂ ವ್ಯರ್ಥ. ನಿವೃತ್ತಿಗೆ ಮೂರು ವರ್ಷ ಇತ್ತು. ಹೆದರಿಕೆಯಾಗಿತ್ತು. ಕುಂದಾ ತಿಂದವರ ಮುಖಗಳು ಕಣ್ಣೆದುರು ಬರುತ್ತಿದ್ದವು. ಸೆಟ್ಟಿಂಗನ್ನು ಮಾತ್ರ ಮೊದಲ ದಿನವೇ ಸದ್ದಿಲ್ಲದೆ ಹಿಂದಿನಂತೆ ಮಾಡಿದೆ. ಮರುದಿನ ಎಂಟೂ ಐದಕ್ಕೆ ಫೋನು ಶುರುವಾಯಿತು.

ಹತ್ತನೆಯ ದಿನ ಪೋತದಾರ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

'ಮೇಡಂ, ಕುಂದರ್ರಿ. ಈಗ ಇದನ್ನ ಹೊರಗ ಹೇಳಿದ್ರ ಏನಾಗತೈತಿ ಗೊತ್ತೈತೇನ್ರಿ? ನಮ್ಮ ಸಿಸ್ಟಮ್ ಬರದದ್ದ ಉಳಸಂಗಿಲ್ಲ ಅಂದಂಗಾತು. ಇಲ್ಲೀತನಕ ಕೊಟ್ಟ ಸರ್ಟಿಫಿಕೇಟ್ ಎಲ್ಲಾ ಸಂಶೇದಾಗ ಬರ್ತಾವ. ಪಾರ್ಟಿ ಬಿಟ್ಟ ಹೋದ್ರ ಒಂದ ಶಿಫ್ಟ್ ಮಂದಿ ಮನಿಗಿ ಹೋಗತಾರ. ಒಬ್ಬನ ಸಲುವಾಗಿ?'

'ಅವಾ ತಪ್ಪ ಮಾಡಿಲ್ಲ ಸರ.'

'ಅವಾನ ಬರದು ಕೊಟ್ಟಾನಲ್ರಿ. ಒಪ್ಪಿಕೊಂಡಾನ. ನಾ ಅವಗ ಬ್ಯಾರೆ ಕಡೆ ಎಲ್ಲರ ಕೆಲಸಕ್ಕ ಹಚ್ಚಿ ಕೊಡ್ತೀನಿ. ಬಿಡ್ರಿ.'

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನಾನು ಎದ್ದು ಬಂದೆ. ಬಿಟ್ಟೇಬಿಡುತ್ತಿದ್ದೆನೇನೋ. ಬೀರಪ್ಪನಿಗಾದರೂ ಒಂದು ಮಾತು ಹೇಳಿಬಿಡೋಣ, ಅವನೂ ಹೋಗಲಿ ಬಿಡ್ರಿ ಅಂದರೆ ನನಗೂ ಬಿಡುವುದು ಸುಲಭವಾಗುತ್ತದೆ ಎಂಬ ಆಸೆಯಿಂದಲೇ ರವಿವಾರ ಖಾನಾಪುರದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಗುಂಜಿಗೆ ಹೋದೆ.

ಸ್ಟೇಷನ್ನಿನಿಂದ ಸ್ವಲ್ಪ ಆಚೆ ಅವನ ಮನೆ. ಅವನ ಹೆಂಡತಿ 'ಯಾ ಬಾಯಿ, ಬಸಾ', ಬನ್ನಿ ಅಮ್ಮಾ ಕೂತುಕೊಳ್ಳಿ, ಎಂದು ಮರಾಠಿಯಲ್ಲೇ ಕರೆದು ಕುರ್ಚಿ ಹಾಕಿ, ಚಹಾಕ್ಕೆ ಒಳಗೆ ಹೋದಳು. ಬೀರಪ್ಪ ಎಮ್ಮೆಗಳಿಗೆ ಹುಲ್ಲು ಹಾಕಿ ಕೈ ತೊಳೆದುಕೊಂಡು ಬಂದ. ನಾನು ಬಂದ ಕಾರಣ ಕೇಳಲಿಲ್ಲ. ಅವನೇ ಮೊದಲು ಶುರು ಮಾಡಿದ.

'ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ ಅಕ್ಕಾರ. ನೀವ ಹೇಳಿದ್ದ ಖರೇ ಆತು. ದಿನಾ ಕುಂತು ನೆನಪ ಮಾಡಕೊಂಡೆ. ಈಗ ಪೂರಾ ನೆನಪ ಬಂದೈತಿ. ಬಿಲ್ಲಿ ಟೇಬಲ್ ಮ್ಯಾಲ ಇಟ್ಟೆ. ಕೈ ಒರಸಿಕೊಂಡೆ. ಗಡಿಯಾರ ನೋಡಿದೆ. ಉಜ್ಜಲಿಲ್ಲ, ಮಷಿನ್‌ಗೆ ಇಡಲಿಲ್ಲ. ಹಂಗ ಹೊಂಟ ಹೋದೆ. ಕಣ್ಣಿಗಿ ಕಟ್ಟಿದಂಗ ಐತ್ರಿ.'

ಒಳಗಿನಿಂದ ಸ್ಟವ್ ಸದ್ದು ಬರುತ್ತಿತ್ತು.

'ಬೀರಪ್ಪಾ, ನೀ ಬರದೀ' ಅಂದೆ. 'ನೀ ಉಜ್ಜೀದಿ, ಮಷಿನ್‌ಗೆ ಇಟ್ಟಿ, ಅಂಕಿ ಹಾಕೀದಿ. ಪೆಟಿಗಿ ಕಳದೈತಿ. ತಪ್ಪ ನಂದು.'

ರಂಗೋಲಿ, ಪರಶುರಾಮ, ಏಳು ಪಂಚು, ಎಲ್ಲ ಬಿಡಿಸಿ ಹೇಳಿದೆ. ಅವನು ಸಿಟ್ಟಾಗುತ್ತಾನೆ, ಬೈಯುತ್ತಾನೆ ಎಂದುಕೊಂಡಿದ್ದೆ.

'ಹಂಗಾರ ನಾ ಬರದಿದ್ದೆ' ಅಂದ ಅವನು. 'ಆದ್ರ ಬರದದ್ದ ನೆನಪ ಇಲ್ಲಲ್ರಿ ಅಕ್ಕಾರ ಈಗ. ಬರೀಲಾರದ್ದ ನೆನಪ ಐತಿ.'

ಅವನ ಹೆಂಡತಿ ಚಹಾ ತಂದು ಇಬ್ಬರ ಮುಖವನ್ನೂ ನೋಡಿ ಕಪ್ಪು ಇಟ್ಟು ನಿಂತಳು. ಅವನು ಅವಳಿಗೆ ಮರಾಠಿಯಲ್ಲಿ, ನಾನು ಪರೀಕ್ಷೆ ಮಾಡಿದ್ದೆನಂತೆ, ಅಕ್ಕಾರು ಹೇಳುತ್ತಿದ್ದಾರೆ ಎಂದ. ಮಾಡಿದ್ದೆ ಎನ್ನಲಿಲ್ಲ. ಮಾಡಿದ್ದೆನಂತೆ ಎಂದ.

ಸೋಮವಾರ ಮಾಲಕರಿಗೊಂದು, ಪಂಪ್ ಕಂಪನಿಗೊಂದು ಪತ್ರ ಬರೆದೆ. ಪೋತದಾರ ಸಾಹೇಬರ ಕೈಗೂ ಒಂದು ಪ್ರತಿ ಕೊಟ್ಟೆ. ಅವರು ಓದಿ, 'ಬರದೀರಿ' ಎಂದಷ್ಟೇ ಅಂದರು. ಪಂಪ್ ಕಂಪನಿಯವರು ಬಂದು ಎರಡು ವಾರ ಕೂತು ನಮ್ಮ ಎಲ್ಲ ದಾಖಲೆ ಜಾಲಾಡಿದರು. ಸೀಳು ಬಿಟ್ಟ ಭಾಗವನ್ನೇ ಕತ್ತರಿಸಿ ಪರೀಕ್ಷಿಸಿದರೆ ಲೋಹ ಸರಿಯಾಗಿಯೇ ಇತ್ತು, ಸೀಳಿಗೆ ಕಾರಣ ಬೇರೆ. ಆದರೂ ಕೆಲಸದ ಅರ್ಧ ಭಾಗವನ್ನು ಬೇರೆ ಫೌಂಡ್ರಿಗೆ ಕೊಟ್ಟರು. ಮೂರನೆಯ ಶಿಫ್ಟು ನಿಂತಿತು. ಪೋತದಾರ ಸಾಹೇಬರು ಹೇಳಿದ್ದಷ್ಟು ಆಗಲಿಲ್ಲ, ಆದರೆ ಆಗಲೇ ಇಲ್ಲ ಎನ್ನುವ ಹಾಗೂ ಇಲ್ಲ. ಹೊರಗೆ ಹೋದ ಹನ್ನೊಂದು ಗುತ್ತಿಗೆ ಕೆಲಸಗಾರರಲ್ಲಿ ಕೆಲವರನ್ನು ನಾನು ಮಾರುಕಟ್ಟೆಯಲ್ಲಿ ನೋಡುತ್ತೇನೆ, ಅವರು ನಮಸ್ಕಾರ ಮಾಡುತ್ತಾರೆ, ಅವರಿಗೆ ಕಾರಣ ಗೊತ್ತಿಲ್ಲ. ನನಗೊಂದು ಮೆಮೋ ಬಂತು. ಸಾಹೇಬರು ಆಮೇಲೆ ಕೆಲಸದ ಮಾತಲ್ಲದೆ ಬೇರೆ ಮಾತಾಡಲಿಲ್ಲ.

ಹೊಸ ಡಿಸ್ಕುಗಳು ನಾನು ಇರುವ ತನಕ ಬರಲಿಲ್ಲ. ಮೂರು ವರ್ಷ ದಿನಾ ಬೆಳಿಗ್ಗೆ, ಸಿಸ್ಟಮ್ ಭಾಳ ಸ್ಲೋ ಐತ್ರಿ ಎಂದು ಕೇಳಿಕೊಂಡೆ. ಹೌದ್ರಿ, ನೋಡ್ತೀನ್ರಿ ಎಂದೆ. ನೋಡಲು ಏನೂ ಇರಲಿಲ್ಲ. ಸ್ವಿಚ್ ಬೇರೆ ಮಾಡಿ, ಸ್ನ್ಯಾಪ್‌ಶಾಟ್ ಅಳಿಸಿ, ಬ್ಯಾಕಪ್ಪಿನ ಹೊತ್ತು ಬದಲಿಸಿ, ಎಷ್ಟು ಸಾಧ್ಯವೋ ಅಷ್ಟು ಮಾಡಿ. ಪೆಟ್ಟಿಗೆ ಹೇಳುವ ಮಾತನ್ನು ಮಾತ್ರ ಮುಟ್ಟಬೇಡಿ. ವೇಗ ಬೇಕೆಂದರೆ ದಪ್ಪ ಅಕ್ಷರದಲ್ಲಿ ಬರೆದದ್ದನ್ನು ನಮಗೆ ಬೇಕಾದ ಹಾಗೆ ಓದಿಕೊಳ್ಳುವುದು ಬಹಳ ಸುಲಭ.

ಬೀರಪ್ಪನನ್ನು ಲ್ಯಾಬಿಗೇ ವಾಪಸು ತೆಗೆದುಕೊಂಡರು, ತಪ್ಪೊಪ್ಪಿಗೆಯ ಕಾಗದ ಹರಿದರು, ನಿಲ್ಲಿಸಿದ ದಿನಗಳನ್ನು ಹಾಜರಿಗೆ ಹಿಡಿದರು. ಕಾಗದದ ಮೇಲೆ ಎಲ್ಲ ಸರಿಹೋಯಿತು. ನನ್ನ ಕೊನೆಯ ವಾರ ಲ್ಯಾಬಿಗೆ ಹೋದೆ. ಅವನು ಬಿಲ್ಲೆ ಉಜ್ಜಿ, ಯಂತ್ರಕ್ಕಿಟ್ಟು, ಅಂಕಿಗಳನ್ನು ಹಾಕಿ, ಸೇವ್ ಒತ್ತಿ, ಕೈ ಹಿಂದೆ ತೆಗೆದುಕೊಂಡು ಕಾದ. ಆರೇಳು ಸೆಕೆಂಡಿನ ಮೇಲೆ ಹಸಿರು ಅಕ್ಷರ ಬಂತು. ಆಮೇಲೆ ಅಂಗಿಯ ಕಿಸೆಯಿಂದ ಸಣ್ಣ ಡೈರಿ ತೆಗೆದು ಅದೇ ಅಂಕಿಗಳನ್ನು ಬರೆದ. ಡೈರಿ ಮುಚ್ಚಿ, ಬಾಗಿಲಲ್ಲಿ ನಿಂತಿದ್ದ ಭಟ್ಟಿಯವನನ್ನು ಕರೆದು ಪರದೆ ತೋರಿಸಿ, 'ನಾ ಬರದದ್ದ ನೋಡಿದೀ ಇಲ್ಲೋ?' ಎಂದು ಕೇಳಿದ. ಅವನು ನೋಡೀನಿ ಎಂದು, ಇದು ದಿನದ ಮಾತೆನ್ನುವ ಹಾಗೆ ಹೊರಟುಹೋದ.

'ಬೀರಪ್ಪಾ, ಪೆಟಿಗಿ ಈಗ ಖರೇನ ಹೇಳತೈತಿ' ಅಂದೆ ನಾನು. 'ನಾನ ಸರಿ ಮಾಡೀನಿ. ಇನ್ನೂ ಅದರ ಮ್ಯಾಲ ಯಾಕ ಸಂಶೇ?'

'ಅದರ ಮ್ಯಾಲ ಇಲ್ರಿ ಅಕ್ಕಾರ' ಅಂದ ಅವನು. 'ನನ್ನ ಮ್ಯಾಲ ಐತಿ.'

ಹಾಗೆಂದು ಮುಂದಿನ ಬಿಲ್ಲೆಯನ್ನು ಕೈಗೆತ್ತಿಕೊಂಡ.